ಟೈರಿನ ಮಾತು ಕೊನೆಗೆ: 1966ರ ಎಂಜಿಬಿಯ ಕಡ್ಡಿ ಚಕ್ರಗಳ ಪ್ರಕರಣ

ಕಾರು 1966ರ ಎಂಜಿಬಿ ರೋಡ್‌ಸ್ಟರ್, ಅಂದರೆ ಎಂಜಿ ಕಂಪನಿಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಆಬಿಂಗ್ಡನ್ ಫ್ಯಾಕ್ಟರಿಯಲ್ಲಿ ತಯಾರಾದದ್ದು. 1,798 ಸಿಸಿ ಇಂಜಿನ್, ಬಟ್ಟೆಯ ಟಾಪು, ನಾಲ್ಕೂ ಕಡೆ 60 ಕಡ್ಡಿಯ ವೈರ್ ವೀಲು. ಕಾರಿನ ಯಜಮಾನರು ಕವೆಂಟ್ರಿ ಹತ್ತಿರ ಇರುವ ನಮ್ಮ ಶಿವಮೊಗ್ಗ ಕಡೆಯ ಡಾಕ್ಟ್ರು, ಈಗ ರಿಟೈರ್ ಆಗಿದ್ದಾರೆ. ನಾನು ಓದಿದ್ದು ಮೆಕ್ಯಾನಿಕಲ್. ಹಳೇ ಕಾರು ಅಂದರೆ ಊಟ ಬಿಟ್ಟು ಓಡುವವನು, ಹಾಗಾಗಿ ಅವರ ಗ್ಯಾರೇಜಿಗೆ ನನಗೆ ಯಾವಾಗಲೂ ಪ್ರವೇಶ ಇದೆ.

ಅವರ ದೂರು ಎರಡು. ಒಂದು, ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ದಾಟುತ್ತಿದ್ದ ಹಾಗೆ ಸ್ಟೀರಿಂಗ್ ಕೈಯಲ್ಲಿ ನಡುಗುತ್ತಿತ್ತು. ಇನ್ನೊಂದು, ಗೇರ್ ಹಾಕಿ ಕ್ಲಚ್ ಬಿಟ್ಟರೆ ಹಿಂದಿನಿಂದ 'ಟಕ್' ಅಂತ ಒಂದು ಸದ್ದು, ರಿವರ್ಸ್ ಹಾಕಿದರೆ ಮತ್ತೊಂದು. ಹಿಂದೆ ಒಂದು ಗ್ಯಾರೇಜಿನಲ್ಲಿ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ತೂಕ ಸುತ್ತಲೂ ಸಮ ಆಗುವಂತೆ ರಿಮ್ಮಿಗೆ ಸಣ್ಣ ತೂಕ ಸೇರಿಸುವ ಕೆಲಸ, ಮಾಡಿಸಿ ಆಗಿತ್ತು. ಅದೂ ಮತ್ತೆ ಮತ್ತೆ. ಮುಂದಿನ ಎಡಗಡೆ ಚಕ್ರದ ರಿಮ್ಮಿನಲ್ಲಿ ಸೀಸದ ತೂಕಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿದ್ದವು. ಆದರೂ ನಡುಕ ಹೋಗಿರಲಿಲ್ಲ.

"ಏನಪ್ಪಾ, ಹೊಸ ಟೈರ್ ಹಾಕಿಸಿಬಿಡೋಣ. ಯಾವುದು ಹಾಕಿಸಲಿ, ಅದನ್ನ ಹೇಳು" ಅಂದರು ಡಾಕ್ಟ್ರು.

"ಡಾಕ್ಟ್ರೇ, ಟೈರಿನ ಮಾತು ಕೊನೆಗೆ ಆಡೋಣ. ಮೊದಲು ಚಕ್ರ ಕಳಚಿ ಒಳಗೆ ನೋಡೋಣ" ಅಂದೆ.

ಈ ಬರಹದಲ್ಲಿ ನಾನು ಹೇಳಬೇಕಾಗಿರುವುದೂ ಅದನ್ನೇ. ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಹೆಚ್ಚಾಗಿ ಟೈರಿನಿಂದ ಶುರು ಮಾಡುತ್ತಾರೆ. ಕಣ್ಣಿಗೆ ಕಾಣುವುದು ಅದು, ಅಂಗಡಿಯಲ್ಲಿ ಸಿಗುವುದೂ ಅದೇ. ವೈರ್ ವೀಲ್ ಇರುವ ಕಾರಿನಲ್ಲಿ ಲೆಕ್ಕ ಒಳಗಿನಿಂದ ಹೊರಗೆ ಬರಬೇಕು. ಹಬ್ (ಆಕ್ಸಲ್ಲಿನ ತುದಿಯಲ್ಲಿ ಚಕ್ರ ಕೂರುವ ಭಾಗ), ಆಮೇಲೆ ಚಕ್ರದ ಮಧ್ಯದ ಹಲ್ಲು, ಆಮೇಲೆ ಕಡ್ಡಿ, ರಿಮ್, ಟ್ಯೂಬು, ಇಷ್ಟೆಲ್ಲಾ ಆದ ಮೇಲೆ ಟೈರು. ಒಳಗಿನದು ಸವೆದಿದ್ದರೆ ಮೇಲೆ ಎಷ್ಟು ದುಬಾರಿ ಟೈರ್ ಹಾಕಿದರೂ ದುಡ್ಡು ದಂಡ.

ಹಬ್ಬಿನಲ್ಲಿ ಏನಿತ್ತು

ನಮ್ಮೂರಿನ ಕಾರುಗಳಲ್ಲಿ ಚಕ್ರವನ್ನು ನಾಲ್ಕೋ ಐದೋ ಬೋಲ್ಟು ಹಿಡಿದಿರುತ್ತವೆ. ಎಂಜಿಬಿಯ ವೈರ್ ವೀಲಿಗೆ ಹಾಗಿಲ್ಲ. ಹಬ್ಬಿನ ಹೊರಮೈ ಸುತ್ತ ಉದ್ದುದ್ದ ಹಲ್ಲುಗಳಿವೆ, ಸ್ಪ್ಲೈನ್ ಅನ್ನುತ್ತಾರೆ. ಚಕ್ರದ ಮಧ್ಯದ ಕೊಳವೆಯ ಒಳಗೂ ಅದಕ್ಕೆ ಹೊಂದುವ ಹಲ್ಲುಗಳಿವೆ. ಚಕ್ರವನ್ನು ಹಬ್ಬಿನ ಮೇಲೆ ಜಾರಿಸಿ ಕೂರಿಸಿ, ನಡುವೆ ಎರಡು ಕಿವಿ ಇರುವ ದೊಡ್ಡ ನಟ್ ಒಂದನ್ನು ಸುತ್ತಿಗೆಯಲ್ಲಿ ಹೊಡೆದು ಬಿಗಿ ಮಾಡಬೇಕು. ಆ ನಟ್ಟಿಗೆ ಸ್ಪಿನ್ನರ್ ಅಂತ ಹೆಸರು. ಈ ಏರ್ಪಾಡು 20ನೇ ಶತಮಾನದ ಶುರುವಿನಲ್ಲಿ ರಡ್ಜ್-ವಿಟ್ವರ್ತ್ ಕಂಪನಿಯಿಂದ ಬಂದದ್ದು, ಅದರ ಊರು ಡಾಕ್ಟ್ರ ಮನೆ ಪಕ್ಕದ ಇದೇ ಕವೆಂಟ್ರಿ. ರೇಸಿನಲ್ಲಿ ಚಕ್ರ ಬೇಗ ಬದಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ಆ ಕಾಲಕ್ಕೆ ಇರಲಿಲ್ಲ.

ಇಲ್ಲಿ ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಿ ಕೂರಬೇಕು. ಸ್ಪಿನ್ನರ್ ಮಾಡುವ ಕೆಲಸ ಚಕ್ರವನ್ನು ಒಳಗಿನ ಕೋನ್, ಅಂದರೆ ಹಬ್ಬಿನ ಇಳಿಜಾರು ಮೈ ಮೇಲೆ ಒತ್ತಿ ಹಿಡಿಯುವುದು, ಅಷ್ಟೇ. ಇಂಜಿನ್ನಿನ ಎಳೆತ, ಬ್ರೇಕಿನ ಹಿಡಿತ, ಎರಡೂ ದಾಟಿ ಹೋಗುವುದು ಆ ಹಲ್ಲುಗಳ ಮೂಲಕ. ಹಲ್ಲು ಸವೆದರೆ ಚಕ್ರ ಹಬ್ಬಿನ ಮೇಲೆ ಕೂದಲೆಳೆಯಷ್ಟು ಹಿಂದೆ ಮುಂದೆ ತಿರುಗುತ್ತದೆ. ಹೊರಟಾಗ ಒಂದು ಕಡೆಗೆ ಬಡಿಯುತ್ತದೆ, ರಿವರ್ಸಿನಲ್ಲಿ ಇನ್ನೊಂದು ಕಡೆಗೆ. ಡಾಕ್ಟ್ರಿಗೆ ಕೇಳಿಸುತ್ತಿದ್ದ 'ಟಕ್' ಇದೇ. ಹಾಗೇ ಬಿಟ್ಟರೆ ಪ್ರತಿ ಬಡಿತವೂ ಹಲ್ಲನ್ನು ಇನ್ನಷ್ಟು ತಿನ್ನುತ್ತಾ ಹೋಗುತ್ತದೆ, ಒಂದು ದಿನ ಹಲ್ಲು ಪೂರ್ತಿ ಉದುರಿದರೆ ಹಬ್ ಒಳಗೆ ತಿರುಗುತ್ತಿರುತ್ತದೆ, ಚಕ್ರ ಕೇಳುವುದಿಲ್ಲ, ಆ ಚಕ್ರಕ್ಕೆ ಬ್ರೇಕೂ ಇರುವುದಿಲ್ಲ.

ಪರೀಕ್ಷೆ ಸುಲಭ. ಜ್ಯಾಕ್ ಹಾಕಿ ಚಕ್ರ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟೆವು. ಡಾಕ್ಟ್ರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿದರು. ನಾನು ಟೈರನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಮುಂದಿನ ಎರಡೂ ಚಕ್ರ ಅಲ್ಲಾಡಲಿಲ್ಲ. ಹಿಂದಿನ ಬಲಗಡೆಯದು ಸ್ವಲ್ಪ, ಎಡಗಡೆಯದು ಸ್ಪಷ್ಟವಾಗಿ, ಸದ್ದಿನ ಸಮೇತ. ಬ್ರೇಕ್ ಒತ್ತಿ ಹಿಡಿಯದೆ ಈ ಪರೀಕ್ಷೆ ಮಾಡಿದರೆ ಡಿಫರೆನ್ಶಿಯಲ್ಲಿನ (ಹಿಂದಿನ ಎರಡು ಚಕ್ರಕ್ಕೆ ಎಳೆತ ಹಂಚುವ ಗೇರುಗಳ) ಸಡಿಲವೂ ಇದರಲ್ಲಿ ಸೇರಿ ದಾರಿ ತಪ್ಪಿಸುತ್ತದೆ, ನೆನಪಿರಲಿ.

ಚಕ್ರ ಕಳಚಿ ಹಳೇ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಟಾರ್ಚ್ ಬಿಟ್ಟು ನೋಡಿದೆವು. ಚೆನ್ನಾಗಿರುವ ಹಲ್ಲಿನ ತಲೆ ಚಪ್ಪಟೆಯಾಗಿರುತ್ತದೆ. ಸವೆದದ್ದು ಮೇಲೆ ಹೋಗುತ್ತಾ ಚೂಪಾಗಿ, ಕೊನೆಗೆ ಚಾಕುವಿನ ಅಂಚಿನ ಹಾಗೆ ಆಗಿರುತ್ತದೆ. ಎಡ ಹಿಂದಿನ ಹಬ್ಬಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಲ್ಲುಗಳು ಚೂಪಾಗಿದ್ದವು, ಉಗುರಿನಿಂದ ಗೀರಿದರೆ ಒಂದು ಪಕ್ಕ ಮೆಟ್ಟಿಲು ಬಿದ್ದಿರುವುದು ಗೊತ್ತಾಗುತ್ತಿತ್ತು. ಅದರ ಚಕ್ರದ ಒಳಹಲ್ಲೂ ಅದೇ ಸ್ಥಿತಿ. ಅಲ್ಲಿದ್ದ ಗ್ರೀಸಿನಲ್ಲಿ ಕಂದು ಬಣ್ಣದ ಪುಡಿ ಬೆರೆತಿತ್ತು. ಲೋಹ ಲೋಹವನ್ನು ತಿಕ್ಕಿ ಬಂದ ತುಕ್ಕಿನ ಪುಡಿ ಅದು. ವರ್ಷಗಟ್ಟಲೆ ಯಾರೂ ಚಕ್ರ ಕಳಚಿ ಹೊಸ ಗ್ರೀಸ್ ಹಚ್ಚಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಈಗ ಖರ್ಚಿನ ಪ್ರಶ್ನೆ. ಹಬ್ ಬಿಟ್ಟು ಚಕ್ರ ಮಾತ್ರ ಹೊಸದು ಹಾಕಬಹುದಾ? ಹಾಕಬಾರದು. ಸವೆದ ಹಬ್ಬಿಗೆ ಹೊಸ ಚಕ್ರ ಹಾಕಿದರೆ ಹಲ್ಲುಗಳ ಒಂದಿಷ್ಟು ಭಾಗ ಮಾತ್ರ ಒಂದಕ್ಕೊಂದು ತಾಗುತ್ತದೆ, ಇಡೀ ಭಾರ ಅಷ್ಟರ ಮೇಲೇ ಬಿದ್ದು ಹೊಸ ಚಕ್ರವೂ ಬೇಗ ಹಾಳಾಗುತ್ತದೆ. ಹೊಸ ಹಬ್ಬಿಗೆ ಹಳೇ ಚಕ್ರ ಹಾಕಿದರೂ ಅದೇ ಕಥೆ. ಹಿಂದಿನ ಎರಡೂ ಹಬ್, ಎರಡೂ ಚಕ್ರ ಒಟ್ಟಿಗೆ ಬದಲಾಗಬೇಕು ಅಂತ ತೀರ್ಮಾನ ಮಾಡಿದೆವು. ಬಲಗಡೆಯದು ಇನ್ನೂ ಸ್ವಲ್ಪ ಕಾಲ ಬರುತ್ತಿತ್ತೇನೋ. ಆದರೆ ಒಂದು ಆಕ್ಸಲ್ಲಿನಲ್ಲಿ ಒಂದು ಕಡೆ ಹೊಸದು, ಒಂದು ಕಡೆ ಅರ್ಧ ಸತ್ತದ್ದು ಇಡಲು ನನಗೆ ಮನಸ್ಸಾಗಲಿಲ್ಲ.

ಹಬ್ ತರಿಸುವಾಗ ಎರಡು ವಿಷಯ ನೋಡಿಕೊಂಡೆವು. ಮೊದಲನೆಯದು ಥ್ರೆಡ್ಡಿನ ದಿಕ್ಕು. ಕಾರಿನ ಎಡಗಡೆ ಹಬ್ಬಿಗೆ ಮಾಮೂಲಿ ಬಲ ಥ್ರೆಡ್ಡು, ಬಲಗಡೆ ಹಬ್ಬಿಗೆ ಉಲ್ಟಾ, ಎಡ ಥ್ರೆಡ್ಡು. ಸುಮ್ನೆ ಮಾಡಿದ್ದಲ್ಲ ಇದು. ಚಕ್ರದ ಕೋನ್ ಮತ್ತು ಸ್ಪಿನ್ನರಿನ ಕೋನ್ ನಡುವೆ ಇರುವ ಸೂಕ್ಷ್ಮ ಸಂದಿನಿಂದಾಗಿ ಚಕ್ರ ಮುಂದೆ ಉರುಳಿದಂತೆಲ್ಲ ಸ್ಪಿನ್ನರ್ ಉಲ್ಟಾ ದಿಕ್ಕಿಗೆ ಒಂಚೂರು ಒಂಚೂರೇ ಸರಿಯಲು ನೋಡುತ್ತದೆ, ಥ್ರೆಡ್ಡಿನ ದಿಕ್ಕು ಸರಿ ಇದ್ದರೆ ಆ ಸರಿತ ಬಿಗಿಯಾಗುವ ಕಡೆಗೇ ಆಗುತ್ತದೆ. ಹಬ್ಬನ್ನು ಅದಲು ಬದಲು ಹಾಕಿದರೆ ಅದೇ ಸರಿತ ಸಡಿಲ ಮಾಡುತ್ತದೆ, ಓಡುತ್ತಿರುವಾಗಲೇ ಚಕ್ರ ಕಳಚಿಕೊಳ್ಳಬಹುದು. ಎಡಗಡೆಯದನ್ನು ಬಿಚ್ಚಬೇಕಾದರೆ ಸ್ಪಿನ್ನರಿನ ಮೇಲಿನ ಕಿವಿಯನ್ನು ಕಾರಿನ ಮುಂದಕ್ಕೆ ಹೊಡೆಯಬೇಕು, ಬಲಗಡೆಯದನ್ನೂ ಮುಂದಕ್ಕೇ. ಎರಡೂ ಕಡೆ ಮುಂದಕ್ಕೆ ಹೊಡೆದರೆ ಬಿಚ್ಚುತ್ತದೆ, ಹಿಂದಕ್ಕೆ ಹೊಡೆದರೆ ಬಿಗಿಯಾಗುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಗೊಂದಲವೇ ಇಲ್ಲ.

ಎರಡನೆಯದು ಥ್ರೆಡ್ಡಿನ ಅಂತರ. ಎಂಜಿಬಿಗೆ ಇಂಚಿಗೆ 8 ಸುತ್ತಿನ ಹಬ್ಬೂ ಇದೆ, 12 ಸುತ್ತಿನದೂ ಇದೆ. ಒಂದರ ಸ್ಪಿನ್ನರನ್ನು ಇನ್ನೊಂದಕ್ಕೆ ಹಾಕಿ ಸುತ್ತಿಗೆಯಲ್ಲಿ ಬಡಿದರೆ ಥ್ರೆಡ್ಡೇ ಕಿತ್ತುಬರುತ್ತದೆ. ಕೈಯಲ್ಲಿ ಹಲವು ಸುತ್ತು ಸಲೀಸಾಗಿ ತಿರುಗದೆ ಹೋದರೆ ಅಲ್ಲಿಗೇ ನಿಲ್ಲಿಸಿ, ಬಲ ಹಾಕಬೇಡಿ.

ಇನ್ನೊಂದು ಮಾತು. ಕಿವಿ ಇಲ್ಲದ, ಎಂಟು ಮೂಲೆಯ ನಟ್ ಇರುವ ಎಂಜಿಬಿಯನ್ನೂ ನೀವು ನೋಡಿರಬಹುದು. 1968ರ ಶುರುವಿನಿಂದ ಅಮೆರಿಕದ ಸುರಕ್ಷತಾ ನಿಯಮ ಹೊರಗೆ ಚಾಚಿಕೊಂಡಿರುವ ಕಿವಿಗಳನ್ನು ನಿಷೇಧಿಸಿತು, ದಾರಿಹೋಕರಿಗೆ ಗಾಯ ಆಗುತ್ತದೆ ಅಂತ. ಎಂಟು ಮೂಲೆಯ ನಟ್ಟು ಬಂದದ್ದು ಹಾಗೆ. ಡಾಕ್ಟ್ರ ಕಾರು ಅದಕ್ಕಿಂತ ಹಿಂದಿನದು, ಕಿವಿಗಳು ಹಾಗೇ ಇವೆ. ಅವಕ್ಕೆ ಹೊಡೆಯಲು ತಾಮ್ರದ ಇಲ್ಲವೇ ಚರ್ಮದ ತಲೆಯ ಸುತ್ತಿಗೆಯೇ ಬೇಕು. ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆದು ಕಿವಿ ಜಜ್ಜಿಹೋದ ಸ್ಪಿನ್ನರ್ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಕಡ್ಡಿ, ರಿಮ್, ಬಣ್ಣ

ಟೈರ್ ಕಳಚಿದ ಮೇಲೆ ಟ್ಯೂಬಿನ ಕಥೆ ಬಯಲಾಯಿತು. ವೈರ್ ವೀಲಿನ ರಿಮ್ಮಿನಲ್ಲಿ ಕಡ್ಡಿಯ ನಿಪ್ಪಲ್ಲುಗಳು (ಕಡ್ಡಿಯ ತುದಿಯನ್ನು ಬಿಗಿಯುವ ಸಣ್ಣ ನಟ್ಟುಗಳು) ಒಳಗೆ ತೂರಿಕೊಂಡಿರುತ್ತವೆ, ಗಾಳಿ ನಿಲ್ಲುವುದಿಲ್ಲ, ಹಾಗಾಗಿ ಟ್ಯೂಬ್ ಬೇಕೇ ಬೇಕು. ನಿಪ್ಪಲ್ಲಿಗೂ ಟ್ಯೂಬಿಗೂ ನಡುವೆ ರಬ್ಬರಿನ ಪಟ್ಟಿ ಇರುತ್ತದೆ. ಈ ಕಾರಿನಲ್ಲಿ ಆ ಪಟ್ಟಿಯ ಜಾಗದಲ್ಲಿ ಯಾರೋ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಬಿಸಿಗೆ ಅದರ ಅಂಟು ಕರಗಿ ಟೇಪು ಒಂದು ಬದಿಗೆ ಸರಿದಿತ್ತು, ನಾಲ್ಕೈದು ಕಡ್ಡಿಯ ತುದಿಗಳು ನಿಪ್ಪಲ್ಲಿನಿಂದ ಹೊರಗೆ ಇಣುಕುತ್ತಿದ್ದವು. ಟ್ಯೂಬಿನ ಮೇಲೆ ಅಷ್ಟೇ ಚುಕ್ಕಿ ಗುರುತುಗಳು. ಒಂದೊಂದು ಗುರುತಿನ ಮಧ್ಯೆಯೂ ರಬ್ಬರು ತೆಳ್ಳಗಾಗಿ ಬೂದು ಬಣ್ಣಕ್ಕೆ ತಿರುಗಿತ್ತು. ಗಂಟೆಗೆ 70 ಮೈಲಿ ಓಡುವಾಗ ಟ್ಯೂಬು ಅಲ್ಲಿ ಒಡೆದಿದ್ದರೆ ಏನಾಗುತ್ತಿತ್ತು ಅಂತ ಡಾಕ್ಟ್ರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಡ್ಡಿ ಪರೀಕ್ಷೆಗೆ ದುಬಾರಿ ಉಪಕರಣ ಬೇಡ. ಚಿಕ್ಕ ಸ್ಪ್ಯಾನರ್ ತೆಗೆದುಕೊಂಡು ಒಂದೊಂದೇ ಕಡ್ಡಿಗೆ ತಟ್ಟುತ್ತಾ ಹೋಗಬೇಕು, ಸಂತೆಯಲ್ಲಿ ಮಡಕೆ ತಟ್ಟಿ ನೋಡಿ ಕೊಳ್ಳುವ ಹಾಗೆ. ಬಿಗಿ ಇದ್ದದ್ದು 'ಟಿಣ್' ಅನ್ನುತ್ತದೆ, ಸಡಿಲ ಇದ್ದದ್ದು, ಒಳಗೆ ಬಿರುಕು ಬಿಟ್ಟದ್ದು 'ಟೊಪ್' ಅನ್ನುತ್ತದೆ. ಮುಂದಿನ ಎಡ ಚಕ್ರದಲ್ಲಿ ಐದು ಕಡ್ಡಿ ಸಡಿಲ, ಐದೂ ಅಕ್ಕಪಕ್ಕದವು. ಆ ಜಾಗದಲ್ಲಿ ರಿಮ್ ಯಾವುದೋ ಗುಂಡಿಗೋ ಕರ್ಬಿಗೋ ಬಡಿದಿರಬೇಕು. ಚಕ್ರವನ್ನು ಹಬ್ಬಿನ ಮೇಲೇ ಕೂರಿಸಿ, ಡಯಲ್ ಗೇಜ್ (ಸಣ್ಣ ಅಲ್ಲಾಟವನ್ನೂ ಅಳೆಯುವ ಮುಳ್ಳಿನ ಮೀಟರ್) ಇಟ್ಟು ನಿಧಾನಕ್ಕೆ ತಿರುಗಿಸಿದೆವು. ಅಡ್ಡಡ್ಡ 3 ಮಿಲಿಮೀಟರಿನಷ್ಟು ಓಲಾಟ. ಸ್ಟೀರಿಂಗ್ ನಡುಕದ ಮೂಲ ಸಿಕ್ಕಿತು. ಗಂಟೆಗೆ 55 ಮೈಲಿಯಲ್ಲಿ ಈ ಚಕ್ರ ಸೆಕೆಂಡಿಗೆ ಸುಮಾರು 13 ಸುತ್ತು ಸುತ್ತುತ್ತದೆ. ಅಷ್ಟು ವೇಗದಲ್ಲಿ ಓಲಾಡುವ ರಿಮ್ಮಿಗೆ ಸೀಸ ಅಂಟಿಸಿದರೆ ನಡುಕ ನಿಲ್ಲುತ್ತದಾ? ಸೊಟ್ಟ ಚಕ್ರಕ್ಕೆ ಮೊದಲು ಬೆಂಡ್ ತೆಗೆಯಬೇಕು, ಬ್ಯಾಲೆನ್ಸಿಂಗ್ ಆಮೇಲಿನ ಮಾತು.

ಬೆಂಡ್ ತೆಗೆಯುವ ಕೆಲಸ ನಮ್ಮೂರಿನ ಸೈಕಲ್ ಶಾಪುಗಳಲ್ಲಿ ಮಾಡುವುದೇ, ತತ್ವ ಒಂದೇ. ರಿಮ್ ಎಡಕ್ಕೆ ವಾಲಿದ್ದರೆ ಅಲ್ಲಿ ಬಲಕ್ಕೆ ಎಳೆಯುವ ಕಡ್ಡಿಗಳನ್ನು ಬಿಗಿ ಮಾಡಿ, ಎಡಕ್ಕೆ ಎಳೆಯುವವನ್ನು ಅಷ್ಟೇ ಸಡಿಲ ಮಾಡಬೇಕು, ಅದೂ ಕಾಲು ಕಾಲು ಸುತ್ತು. ಆದರೆ ಕಾರಿನ ಚಕ್ರದಲ್ಲಿ 60 ಕಡ್ಡಿಗಳಿವೆ, ಒಳಗಿನ ಸಾಲು ಹೊರಗಿನ ಸಾಲು ಬೇರೆ ಬೇರೆ ಕೋನದಲ್ಲಿ ಎಳೆಯುತ್ತವೆ, ಒಂದನ್ನು ಮುಟ್ಟಿದರೆ ಎದುರು ಬದಿಯಲ್ಲಿ ಉಬ್ಬು ಬರುತ್ತದೆ. ಇದಕ್ಕೆ ನಾವು ಹತ್ತಿರದಲ್ಲೇ ಇದ್ದ ವೈರ್ ವೀಲ್ ಕೆಲಸದ ಹಿರಿಯ ಮೇಸ್ತ್ರಿಯೊಬ್ಬರನ್ನು ಹಿಡಿದೆವು. ಮೊದಲು ಅವರು ಪ್ರತಿ ನಿಪ್ಪಲ್ಲಿಗೂ ಎಣ್ಣೆ ಬಿಟ್ಟು ರಾತ್ರಿಯೆಲ್ಲಾ ನೆನೆಸಿದರು. ತುಕ್ಕು ಹಿಡಿದ ನಿಪ್ಪಲ್ಲನ್ನು ಒಣಗಿದ್ದಾಗಲೇ ತಿರುಗಿಸಿದರೆ ಕಡ್ಡಿ ತಿರುಚಿಕೊಂಡು ತುಂಡಾಗುತ್ತದೆ. ಕೆಲಸ ಮುಗಿದಾಗ ಎರಡೂ ಮುಂದಿನ ಚಕ್ರಗಳ ಓಲಾಟ ನಾವು ಇಟ್ಟುಕೊಂಡಿದ್ದ ಗುರಿಗಿಂತ, ಅಂದರೆ ಒಂದೂವರೆ ಮಿಲಿಮೀಟರಿಗಿಂತ ಕಡಿಮೆ ಇತ್ತು. ಕೊನೆಗೆ ರಿಮ್ಮಿನ ಒಳಗೆ ಹೊರಚಾಚಿದ್ದ ಕಡ್ಡಿ ತುದಿಗಳನ್ನು ಅವರು ಗ್ರೈಂಡ್ ಮಾಡಿ, ಎಮರಿ ಹಾಕಿ, ಬೆರಳು ಸವರಿ ಸವರಿ ನೋಡಿದರು. ಬೆರಳಿಗೆ ಚುಚ್ಚದಿದ್ದರೆ ಟ್ಯೂಬಿಗೂ ಚುಚ್ಚುವುದಿಲ್ಲ ಅನ್ನುವುದು ಅವರ ಲೆಕ್ಕ.

ಸ್ಟೆಪ್ನಿಯ ಸ್ಥಿತಿ ಬೇರೆ ಥರ. ಅದು ಡಿಕ್ಕಿಯಲ್ಲೇ ಬಿದ್ದಿದ್ದರಿಂದ ಮಧ್ಯದ ಹಲ್ಲುಗಳು ಫ್ಯಾಕ್ಟರಿಯಿಂದ ಬಂದ ಹಾಗೇ ಇದ್ದವು, ಆದರೆ ತೇವ ಕೂತು ರಿಮ್ಮಿನ ಅಂಚು ತುಕ್ಕು ತಿಂದು ಗುಳಿ ಬಿದ್ದಿತ್ತು. ಹಿಂದಿನ ಎರಡು ಚಕ್ರಗಳಲ್ಲಿ ರಿಮ್ ಚೆನ್ನಾಗಿದೆ, ಹಲ್ಲು ಇಲ್ಲ. ಮೇಸ್ತ್ರಿ ಒಂದು ನಿಮಿಷ ಯೋಚಿಸಿ, ಹಿಂದಿನ ಚಕ್ರದ ಒಳ್ಳೆ ರಿಮ್ಮನ್ನು ಸ್ಟೆಪ್ನಿಯ ಒಳ್ಳೆ ಮಧ್ಯಭಾಗಕ್ಕೆ ಹೊಸ ಕಡ್ಡಿ ಹಾಕಿ ಕಟ್ಟಿಕೊಡುತ್ತೇನೆ ಅಂದರು. ಹಾಗೇ ಮಾಡಿಸಿದೆವು. ಹಿಂದಕ್ಕೆ ಎರಡು ಹೊಸ ಚಕ್ರ. ಹಲ್ಲು ಸವೆದ ಮಧ್ಯಭಾಗ ಬದಲಿಸಿ ಹಳೇ ಚಕ್ರ ಕಟ್ಟಿಸಬಹುದಿತ್ತು, ಆದರೆ ಕೂಲಿ ಸೇರಿಸಿದರೆ ಹೊಸ ಚಕ್ರದ ಬೆಲೆಯೇ ಆಗುತ್ತಿತ್ತು.

ಬಣ್ಣದ ವಿಷಯ ಸ್ವಲ್ಪ ಜೋರಾಗಿ ಹೇಳಬೇಕು. ಹಿಂದೆ ಯಾರೋ ಈ ಚಕ್ರಗಳಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದರು, ಅದೂ ಹಲ್ಲು, ಕೋನ್ ಮೇಲೆ ಬಣ್ಣ ಬೀಳದ ಹಾಗೆ ಮರೆ ಮಾಡದೆ. ಕೋನಿನ ಮೇಲೆ ಪ್ಲಾಸ್ಟಿಕ್ಕಿನಂಥ ದಪ್ಪ ಪದರ ಇದ್ದರೆ ಸ್ಪಿನ್ನರ್ ಬಿಗಿ ಮಾಡಿದಾಗ ಅದರ ಮೇಲೆ ಕೂರುತ್ತದೆ, ಓಡುತ್ತಾ ಓಡುತ್ತಾ ಆ ಪದರ ಹಿಸುಕಿಹೋಗುತ್ತದೆ, ಬಿಗಿ ಹೋಗುತ್ತದೆ. ಜೊತೆಗೆ ನಿಪ್ಪಲ್ಲುಗಳೂ ಪದರದ ಒಳಗೆ ಸಿಕ್ಕಿಕೊಂಡು ಮುಂದೆ ಬೆಂಡ್ ತೆಗೆಯಲು ಹೋದಾಗ ಬಣ್ಣ ಬಿರುಕು ಬಿಡುತ್ತದೆ, ಬಿರುಕಿನೊಳಗೆ ನೀರು ಇಳಿದು ಕಣ್ಣಿಗೆ ಕಾಣದ ಹಾಗೆ ತುಕ್ಕು ಶುರುವಾಗುತ್ತದೆ. ನಾವು ಎಲ್ಲವನ್ನೂ ಕೆಮಿಕಲ್ ಹಾಕಿ ತೆಗೆಸಿ, ಕಾರು ಹೊಸದಿದ್ದಾಗ ಇದ್ದ ಬೆಳ್ಳಿ ಬಣ್ಣದ ತೆಳು ಪೇಂಟನ್ನೇ ಹೊಡೆಸಿದೆವು. ಹಲ್ಲು ಮತ್ತು ಕೋನಿಗೆ ಬಣ್ಣವಿಲ್ಲ, ಗ್ರೀಸ್ ಮಾತ್ರ. ಕ್ರೋಮ್ ಮಾಡಿಸೋಣವಾ ಅಂತ ಡಾಕ್ಟ್ರಿಗೆ ಒಂದು ಆಸೆ ಇತ್ತು. ಕ್ರೋಮ್ ಲೇಪನದ ಕೆಲಸದಲ್ಲಿ ಗಟ್ಟಿ ಉಕ್ಕಿನ ಕಡ್ಡಿ ಹೈಡ್ರೋಜನ್ ಹೀರಿಕೊಂಡು ಪೆಡಸಾಗುವ ಅಪಾಯ ಇದೆ, ಲೇಪನದ ನಂತರ ಸರಿಯಾಗಿ ಬಿಸಿ ಮಾಡಿ ಅದನ್ನು ಹೊರಹಾಕದಿದ್ದರೆ ಕಡ್ಡಿ ಫಟ್ಟಂತ ಮುರಿಯುತ್ತದೆ. ಹಳೇ ಕಡ್ಡಿಗಳಿಗೆ ಆ ರಿಸ್ಕ್ ಬೇಡ ಅಂದೆ, ಒಪ್ಪಿದರು. ಬೆಳ್ಳಿ ಪೇಂಟಿನಲ್ಲಿ ಈ ಕಾರು ತುಂಬಾ ಚೆಂದ ಕಾಣುತ್ತದೆ, ಇದು ನನ್ನ ಪಕ್ಷಪಾತ.

ಈಗ ಟೈರು

ಕಳಚಿದ ಟೈರುಗಳಲ್ಲಿ ಗ್ರಿಪ್ ಧಾರಾಳವಾಗಿತ್ತು. ಬ್ರಿಟನ್ನಿನ ಕಾನೂನು ಕೇಳುವುದು 1.6 ಮಿಲಿಮೀಟರ್ ಆಳ, ಇದರಲ್ಲಿ ಅದರ ಮೂರು ಪಟ್ಟಿಗಿಂತ ಹೆಚ್ಚು. ಆದರೆ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಯ ಕೋಡ್ ನೋಡಿದರೆ ಕೊನೆಯ ಎರಡು ಅಂಕಿ 06. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಅಂದರೆ 2006ರ ಮಾಲು. ಗ್ರಿಪ್ಪಿನ ಗೆರೆಗಳ ತಳದಲ್ಲಿ ಸಣ್ಣ ಸಣ್ಣ ಬಿರುಕು, ರಬ್ಬರ್ ಕಲ್ಲಿನಷ್ಟು ಗಟ್ಟಿ. ವರ್ಷಕ್ಕೆ ಸಾವಿರ ಮೈಲಿ ಓಡುವ ಕಾರಿನಲ್ಲಿ ಟೈರು ಸವೆದು ಸಾಯುವುದಿಲ್ಲ, ವಯಸ್ಸಾಗಿ ಸಾಯುತ್ತದೆ. ಬ್ರಿಟನ್ನಿನಲ್ಲಿ 2021ರ ಫೆಬ್ರವರಿಯಿಂದ ಲಾರಿ, ಬಸ್ಸುಗಳ ಮುಂದಿನ ಚಕ್ರಕ್ಕೆ ಹತ್ತು ವರ್ಷ ಮೀರಿದ ಟೈರ್ ಹಾಕುವಂತಿಲ್ಲ. ಕಾರಿಗೆ ಆ ನಿಯಮ ಇಲ್ಲ, ಮೇಲಾಗಿ 2018ರ ಮೇ ತಿಂಗಳಿಂದ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರುಗಳಿಗೆ ವರ್ಷಕ್ಕೊಮ್ಮೆಯ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. ಆದ್ದರಿಂದ ಟೈರಿನ ವಯಸ್ಸು ನೋಡುವ ಜವಾಬ್ದಾರಿ ಪೂರ್ತಿ ಯಜಮಾನರದ್ದೇ.

ಸ್ಟೆಪ್ನಿಯಲ್ಲಿ ಇದ್ದದ್ದು ಇನ್ನೂ ಹಳೆಯದು, 5.60-14 ಅಳತೆಯ ಕ್ರಾಸ್-ಪ್ಲೈ ಟೈರು (ಒಳಗಿನ ದಾರಗಳು ಓರೆಯಾಗಿ ಒಂದರ ಮೇಲೊಂದು ಹಾಯುವ ಹಳೇ ಥರದ್ದು; ಈಗಿನ ರೇಡಿಯಲ್ಲಿನಲ್ಲಿ ಅವು ನೇರ ಅಡ್ಡಕ್ಕೆ ಇರುತ್ತವೆ). ಎಂಜಿಬಿ ಶುರುವಿನಲ್ಲಿ ಬರುತ್ತಿದ್ದದ್ದು ಅದೇ ಅಳತೆಯಲ್ಲಿ. ಉಳಿದ ನಾಲ್ಕು ರೇಡಿಯಲ್, ಇದೊಂದು ಕ್ರಾಸ್-ಪ್ಲೈ! ಹಿಂದಿನ ಚಕ್ರ ಪಂಕ್ಚರ್ ಆಗಿ ಇದನ್ನು ಅಲ್ಲಿಗೆ ಹಾಕಿದ್ದರೆ ಮುಂದೆ ರೇಡಿಯಲ್, ಹಿಂದೆ ಕ್ರಾಸ್-ಪ್ಲೈ ಆಗುತ್ತಿತ್ತು. ಬ್ರಿಟನ್ನಿನಲ್ಲಿ ಅದು ಕಾನೂನುಬಾಹಿರ, ಕಾರಣವೂ ಸರಿಯಾದದ್ದೇ: ತಿರುವಿನಲ್ಲಿ ಮುಂದಿನ ಟೈರು ಹಿಡಿದುಕೊಂಡಿರುತ್ತದೆ, ಹಿಂದಿನದು ಮೊದಲೇ ಜಾರುತ್ತದೆ, ಕಾರು ಗಿರ್ರನೆ ತಿರುಗುತ್ತದೆ. ಅದನ್ನು ಅವತ್ತೇ ಕಿತ್ತು ಹಾಕಿದೆವು.

ಅಳತೆಗೆ ಬರೋಣ. ಈ ಚಕ್ರ 14 ಇಂಚು, ರಿಮ್ಮಿನ ಅಗಲ ನಾಲ್ಕೂವರೆ ಇಂಚು. ಆ ಕಾಲದಲ್ಲಿ ರೋಡ್‌ಸ್ಟರಿಗೆ 155ರ ರೇಡಿಯಲ್ (ಈ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ), ಗಟ್ಟಿ ಛಾವಣಿಯ ಎಂಜಿಬಿ ಜಿಟಿಗೆ 165ರ ರೇಡಿಯಲ್ ಬರುತ್ತಿತ್ತು. ಈಗ ಹೆಚ್ಚಿನವರು ಎರಡಕ್ಕೂ 165ಆರ್14 ಹಾಕುತ್ತಾರೆ. ಅಳತೆಯಲ್ಲಿ ಎತ್ತರದ ಶೇಕಡಾ (ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಅನ್ನುವುದು) ಬರೆದಿರದಿದ್ದರೆ ಅದು ಸುಮಾರು 80 ಅಂತ ತಿಳಿಯಬೇಕು. ಹಾಗೆ ಲೆಕ್ಕ ಹಾಕಿದರೆ ಟೈರಿನ ಒಟ್ಟು ವ್ಯಾಸ 620 ಮಿಲಿಮೀಟರ್ ಹತ್ತಿರ.

ಡಾಕ್ಟ್ರಿಗೆ ಯಾರೋ 195/60ಆರ್14 ಹಾಕಿಸಿ, ದಪ್ಪಗೆ ಚೆನ್ನಾಗಿ ಕಾಣುತ್ತದೆ ಅಂತ ಹೇಳಿದ್ದರು. ನಾನು ಕಾಗದದ ಮೇಲೆ ತೋರಿಸಿದೆ. ಅದರ ವ್ಯಾಸ 590. ಅಂದರೆ ಸುಮಾರು ಶೇಕಡಾ 5 ಚಿಕ್ಕದು. ನಿಜವಾದ 60 ಮೈಲಿಗೆ ಸ್ಪೀಡೋಮೀಟರ್ 63 ತೋರಿಸುತ್ತದೆ, ಅಷ್ಟೇ ಪ್ರಮಾಣದಲ್ಲಿ ಇಂಜಿನ್ ಜಾಸ್ತಿ ಅರಚುತ್ತದೆ, ಟಾಪ್ ಗೇರಿನಲ್ಲಿ ಈ ಕಾರು ಮೊದಲೇ 70 ಮೈಲಿಗೆ ಸುಮಾರು 3,900 ಸುತ್ತಿನಲ್ಲಿ ಕೂಗುತ್ತಿರುತ್ತದೆ. ಅದಕ್ಕಿಂತ ಮುಖ್ಯವಾಗಿ, 195/60ಕ್ಕೆ ಕನಿಷ್ಠ ಐದೂವರೆ ಇಂಚಿನ ರಿಮ್ ಬೇಕು. ನಾಲ್ಕೂವರೆ ಇಂಚಿನಲ್ಲಿ ಹಾಕಿದರೆ ಟೈರಿನ ಅಂಚುಗಳು ಒಳಕ್ಕೆ ಹಿಸುಕಿಕೊಂಡು ನಡುಭಾಗ ಉಬ್ಬುತ್ತದೆ, ತಿರುವಿನಲ್ಲಿ ಪಕ್ಕದ ಗೋಡೆ ಮಡಚಿಕೊಳ್ಳುತ್ತದೆ. ಅಗಲ ಹೆಚ್ಚಿಸಿ ಹಿಡಿತ ಕಳೆದುಕೊಳ್ಳುವ ಕೆಲಸ ಅದು.

185/70ಆರ್14 ಇದಕ್ಕಿಂತ ವಾಸಿ, ವ್ಯಾಸ 615. ತುಂಬಾ ಜನ ಹಾಕುತ್ತಾರೆ, ನಾಲ್ಕೂವರೆ ಇಂಚಿನ ರಿಮ್ಮಿಗೂ ಕೂರುತ್ತದೆ. ಆದರೆ ಎಂಜಿಬಿಯ ಹಿಂದಿನ ಮಡ್‌ಗಾರ್ಡಿನ ಒಳಗೆ ಜಾಗ ಕಡಿಮೆ, ಎರಡೂ ಬದಿಯಲ್ಲಿ ಒಂದೇ ಸಮ ಕೂಡ ಇರುವುದಿಲ್ಲ. ಇಬ್ಬರು ಕೂತು ಸಾಮಾನು ಹಾಕಿ ಹಂಪ್ ಹಾರಿದರೆ ಒಂದು ಕಡೆ ತಾಗಬಹುದು. ಪಾರ್ಕಿಂಗ್ ಮಾಡುವಾಗ ಸ್ಟೀರಿಂಗೂ ಭಾರ, ಪವರ್ ಸ್ಟೀರಿಂಗ್ ಇಲ್ಲದ ಕಾರು ಇದು, ಡಾಕ್ಟ್ರಿಗೆ ವಯಸ್ಸೂ ಆಗಿದೆ.

ಹೀಗೆ 165ಆರ್14ಕ್ಕೆ ಬಂದು ನಿಂತೆವು. ಅಲ್ಲೂ ಒಂದು ಬಲೆ ಇದೆ. ಅಗ್ಗಕ್ಕೆ ಸಿಗುವ 165ಆರ್14ಗಳಲ್ಲಿ ಹೆಚ್ಚಿನವು ಅಳತೆಯ ಕೊನೆಗೆ ಸಿ ಅಕ್ಷರ ಇರುವವು, ವ್ಯಾನಿನ ಟೈರು. ಭಾರ ಹೊರಲು ಮಾಡಿದ ಗಟ್ಟಿ ಗೋಡೆ, ಒಂದು ಟನ್ನೂ ತೂಗದ ಈ ಕಾರಿನ ಕೆಳಗೆ ಅದು ಮಣಿಯುವುದೇ ಇಲ್ಲ. ರಸ್ತೆಯ ಪ್ರತಿ ಕಲ್ಲೂ ಸೀದಾ ಬೆನ್ನಿಗೆ, ಮಳೆಯಲ್ಲಿ ಹಿಡಿತ ಕಡಿಮೆ. ಲೋಡ್ ನಂಬರ್ 84 ಇದ್ದರೆ ಒಂದು ಟೈರು 500 ಕಿಲೋ ಹೊರುತ್ತದೆ, ನಾಲ್ಕಕ್ಕೆ ಎರಡು ಟನ್. ಈ ಕಾರಿಗೆ ಅದು ಬೇಕಾದಷ್ಟಾಯಿತು. ವೇಗದ ಅಕ್ಷರವೂ ಹಾಗೇ. ಎಸ್ ಅಂದರೆ ಗಂಟೆಗೆ 180 ಕಿಲೋಮೀಟರ್, ಎಚ್ ಅಂದರೆ 210. ಈ ಕಾರು ಹೊಸದಿದ್ದಾಗಲೂ 170ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು.

ನಾವು ಆರಿಸಿದ್ದು ಪಿರೆಲ್ಲಿಯ ಸಿಂಟುರಾಟೋ ಸಿಎ67, 165ಎಚ್‌ಆರ್14. ಹಳೇ ಕಾಲದ ವಿನ್ಯಾಸ, ಈಗ ಮತ್ತೆ ತಯಾರಾಗುತ್ತಿದೆ. ಬೆಲೆ ಜಾಸ್ತಿಯೇ, ಮಾಮೂಲಿ ಟೈರಿನ ಪಕ್ಕದಲ್ಲಿಟ್ಟರೆ ಕಣ್ಣು ಕುಕ್ಕುತ್ತದೆ. ಆದರೂ ಇದನ್ನೇ ಹಾಕಿಸಿ ಅಂತ ನಾನು ಹಟ ಮಾಡಿದೆ. ಇದರ ಭುಜ, ಅಂದರೆ ನೆಲಕ್ಕೆ ತಾಗುವ ಮೈಯೂ ಪಕ್ಕದ ಗೋಡೆಯೂ ಸೇರುವ ಅಂಚು, ದುಂಡಗಿದೆ. ಈಗಿನ ಟೈರಿನ ಭುಜ ಚೌಕ, ತಿರುವಿನಲ್ಲಿ ಕೊನೆಯವರೆಗೂ ಹಿಡಿದು ಆಮೇಲೆ ಒಮ್ಮೆಲೇ ಬಿಟ್ಟುಬಿಡುತ್ತದೆ. ಹಿಂದೆ ಲೀಫ್ ಸ್ಪ್ರಿಂಗು, ಹಳೇ ಲಿವರ್ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಇರುವ ಕಾರಿಗೆ ಅದು ಸರಿಹೋಗುವುದಿಲ್ಲ. ಸಿಂಟುರಾಟೋ ಮೊದಲೇ ಸೂಚನೆ ಕೊಟ್ಟು ನಿಧಾನವಾಗಿ ಜಾರುತ್ತದೆ, ಡ್ರೈವರಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಹಬ್ಬಿಗೆ, ಚಕ್ರಕ್ಕೆ ಇಷ್ಟು ಖರ್ಚು ಮಾಡಿ ಕೊನೆಯ ಹೆಜ್ಜೆಯಲ್ಲಿ ಜಿಪುಣತನ ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಬೆಂಗಳೂರಿನಲ್ಲಿ ಇಂಥ 14 ಇಂಚಿನ ಹಳೇ ಬ್ರಿಟಿಷ್ ಕಾರು ಇಟ್ಟುಕೊಂಡಿರುವವರಿಗೆ ಇಲ್ಲೊಂದು ಒಳ್ಳೆ ಸುದ್ದಿ ಇದೆ. 165/80ಆರ್14 ಅಂದರೆ ಇದೇ ಅಳತೆ. ನಮ್ಮ ಟ್ಯಾಕ್ಸಿಗಳಲ್ಲಿ ಓಡುವ ಡಿಸೈರ್ ಕಾರಿಗೆ ಬರುವುದು ಅದೇ. ಭಾರತ ಸರ್ಕಾರ 2020ರಲ್ಲಿ ಹೊಸ ಟೈರುಗಳ ಆಮದಿಗೆ ನಿರ್ಬಂಧ ಹಾಕಿದ ಮೇಲೆ ಹೊರಗಿನಿಂದ ತರಿಸುವುದು ತಲೆನೋವು, ಆದರೆ ಈ ಅಳತೆಗೆ ಊರಲ್ಲೇ ಪ್ರತಿ ಟೈರ್ ಅಂಗಡಿಯಲ್ಲೂ ತಾಜಾ ಮಾಲು ಸಿಗುತ್ತದೆ. ಹತ್ತು ವರ್ಷದ ದುಬಾರಿ ಕ್ಲಾಸಿಕ್ ಟೈರಿಗಿಂತ ಹೋದ ತಿಂಗಳು ತಯಾರಾದ ಡಿಸೈರ್ ಟೈರು ಸಾವಿರ ಪಾಲು ಉತ್ತಮ. ಟ್ಯೂಬ್‌ಲೆಸ್ ಅಂತ ಬರೆದಿದ್ದರೂ ಒಳಗೆ ಟ್ಯೂಬ್ ಹಾಕಲೇಬೇಕು, ಒಳಮೈ ನುಣುಪಾಗಿದೆಯಾ ಅಂತ ಕೈ ಹಾಕಿ ನೋಡಿಯೇ ಕೊಳ್ಳಿ.

ಟ್ಯೂಬು, ಬ್ಯಾಲೆನ್ಸಿಂಗು

ಒಳಮೈ ನೋಡಿ ಅಂದದ್ದಕ್ಕೆ ಕಾರಣ ಇದೆ. ಈಗಿನ ಟೈರುಗಳ ಒಳಗೆ ಸಣ್ಣ ಸಣ್ಣ ಗೆರೆಗಳಿರುತ್ತವೆ, ಬಾರ್‌ಕೋಡ್ ಸ್ಟಿಕ್ಕರ್ ಅಂಟಿಸಿರುತ್ತಾರೆ. ಓಡುವಾಗ ಟ್ಯೂಬು ಅವಕ್ಕೆ ಉಜ್ಜಿಕೊಂಡು ಸವೆಯುತ್ತದೆ. ಹಳೇ ಟೈರಿನೊಳಗೆ ಕೈಯಾಡಿಸಿದಾಗ ನನ್ನ ಬೆರಳಿಗೆ ಬಂದದ್ದು ಕಾಡಿಗೆಯಂಥ ರಬ್ಬರ್ ಪುಡಿ, ಸ್ಟಿಕ್ಕರ್ ಇದ್ದ ಕಡೆ ಟ್ಯೂಬಿನ ಮೇಲೆ ಹೊಳೆಯುವ ಚೌಕ. ಹೊಸ ಟೈರುಗಳ ಸ್ಟಿಕ್ಕರನ್ನು ಕಿತ್ತು, ಅಂಟು ಒರೆಸಿ, ಒಳಗೆಲ್ಲಾ ಫ್ರೆಂಚ್ ಚಾಕ್ ಪೌಡರ್ ಉದುರಿಸಿದೆವು. ಹೊಸ ರಿಮ್ ಪಟ್ಟಿ, ಹೊಸ ಟ್ಯೂಬು. ವಾಲ್ವಿನ ದಪ್ಪವನ್ನೂ ನೋಡಿ ತಂದೆವು. ಟಿಆರ್13 ವಾಲ್ವಿಗೆ ಸುಮಾರು ಹನ್ನೊಂದೂವರೆ ಮಿಲಿಮೀಟರಿನ ತೂತು, ಟಿಆರ್15ಕ್ಕೆ 16 ಮಿಲಿಮೀಟರಿನದು. ದೊಡ್ಡ ತೂತಿಗೆ ಸಣ್ಣ ವಾಲ್ವ್ ಹಾಕಿದರೆ ಅದು ಓಲಾಡಿ ಬುಡದಲ್ಲಿ ಹರಿಯುತ್ತದೆ.

ಬ್ಯಾಲೆನ್ಸಿಂಗಿಗೆ ಕಂಡಕಂಡ ಅಂಗಡಿಗೆ ಹೋಗಲಿಲ್ಲ. ವೈರ್ ವೀಲ್ ಕಾರಿನ ಮೇಲೆ ಎರಡು ಕೋನುಗಳ ನಡುವೆ ಕೂರುತ್ತದೆ, ಒಳಗೆ ಹಬ್ಬಿನದು, ಹೊರಗೆ ಸ್ಪಿನ್ನರಿನದು. ಬ್ಯಾಲೆನ್ಸಿಂಗ್ ಮೆಷಿನ್ನಿನಲ್ಲೂ ಹಾಗೇ ಕೂರಬೇಕು, ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಮಾಮೂಲಿ ಕೋನನ್ನು ಹಲ್ಲುಗಳ ಅಂಚಿಗೆ ಒತ್ತಿ ಸಿಕ್ಕಿಸಿದರೆ ಪ್ರತಿ ಸಲ ಒಂದೊಂದು ಥರ ಕೂತು ಪ್ರತಿ ಸಲ ಬೇರೆ ಲೆಕ್ಕ ತೋರಿಸುತ್ತದೆ. ಆ ಸಾಲು ಸಾಲು ಸೀಸ ಹಾಗೇ ಸೇರಿಕೊಂಡದ್ದು. ಮೇಸ್ತ್ರಿಯ ಹತ್ತಿರ ಸರಿಯಾದ ಅಡಾಪ್ಟರ್ ಇತ್ತು. ಅದರಲ್ಲಿ ಕೂರಿಸಿದಾಗ ಮುಂದಿನ ಎಡ ಚಕ್ರ ಕೇಳಿದ್ದು ಎರಡು ಸಣ್ಣ ತುಂಡು ಸೀಸ ಮಾತ್ರ.

ಜೋಡಿಸುವಾಗ ಹಲ್ಲಿಗೆ, ಕೋನಿಗೆ, ಥ್ರೆಡ್ಡಿಗೆ ಮೂರಕ್ಕೂ ತೆಳ್ಳಗೆ ಗ್ರೀಸ್ ಹಚ್ಚಿದೆವು. ಚಕ್ರ ನೆಲಕ್ಕೆ ತಾಗುವ ಮೊದಲು ಕೈಯಲ್ಲಿ ಬಿಗಿ, ಆಮೇಲೆ ಸುತ್ತಿಗೆ. ಹೊಸ ಚಕ್ರ, ಹೊಸ ಹಬ್ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಸ್ಪಿನ್ನರ್ ಮತ್ತೆ ಮತ್ತೆ ಬಿಗಿ ಮಾಡಬೇಕು. ಮೊದಲ ಸುತ್ತು ಮುಗಿಸಿ ಬಂದ ತಕ್ಷಣ ಹೊಡೆದಾಗ ಹಿಂದಿನ ಎರಡೂ ಸ್ಪಿನ್ನರ್ ಬಿಗಿಯ ಕಡೆಗೆ ಇನ್ನೂ ಅರ್ಧ ಅಂಗುಲದಷ್ಟು ಸರಿದವು. ಆಮೇಲಿನ ಸಲ ಕದಲಲಿಲ್ಲ.

ಗಾಳಿಯ ವಿಷಯದಲ್ಲಿ ಡಾಕ್ಟ್ರಿಗೂ ನನಗೂ ಸಣ್ಣ ವಾದ ಇನ್ನೂ ಮುಗಿದಿಲ್ಲ. ಹಳೇ ಹ್ಯಾಂಡ್‌ಬುಕ್ ಮುಂದೆ 21, ಹಿಂದೆ 24 ಪೌಂಡ್ ಅನ್ನುತ್ತದೆ. ನಾನು 24, 26 ಇಟ್ಟಿದ್ದೇನೆ, ಸ್ಟೀರಿಂಗ್ ಹಗುರ ಆಗುತ್ತದೆ, ಟೈರಿನ ಭುಜ ಅನಗತ್ಯವಾಗಿ ಸವೆಯುವುದಿಲ್ಲ. "ಪುಸ್ತಕ ಬರೆದವರಿಗೆ ಗೊತ್ತಿರಲಿಲ್ವೇನಪ್ಪಾ?" ಅಂತ ಅವರು ಕೇಳುತ್ತಾರೆ. ಎರಡೂ ಥರ ಓಡಿಸಿ ನೋಡಿ, ಟೈರಿನ ಬಿಸಿ ಮತ್ತು ಸವೆತ ಗಮನಿಸಿ ತೀರ್ಮಾನಿಸೋಣ ಅಂತ ಒಪ್ಪಂದವಾಗಿದೆ.

'ಟಕ್' ಸದ್ದು ಪೂರ್ತಿ ಹೋಗಿದೆ. 70 ಮೈಲಿಯಲ್ಲಿ ಸ್ಟೀರಿಂಗ್ ಎರಡು ಬೆರಳಲ್ಲಿ ಹಿಡಿದರೂ ನಡುಕವಿಲ್ಲ. ಮುಂದಿನ ಬಲಗಡೆಯ ಕಿಂಗ್‌ಪಿನ್ನಿನಲ್ಲಿ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು) ಮಾತ್ರ ತೀರಾ ಸಣ್ಣ ಸಡಿಲ ಇದೆ. ಚಕ್ರ ಸರಿಹೋದ ಮೇಲೆ ಅದು ಕೈಗೆ ಗೊತ್ತಾಗುತ್ತಿದೆ, ಮೊದಲು ನಡುಕದೊಳಗೆ ಮುಚ್ಚಿಹೋಗಿತ್ತು. ಸದ್ಯಕ್ಕೆ ಗ್ರೀಸ್ ಹೊಡೆದಿದ್ದೇವೆ. ಚಳಿಗಾಲದಲ್ಲಿ ಕಾರು ಮನೆಯಲ್ಲೇ ನಿಂತಿರುತ್ತದಲ್ಲ, ಆಗ ಬಿಚ್ಚುವುದು ಅಂತ ಮಾತಾಗಿದೆ.